ಪಟ್ಟಿ ಬರೆದದ್ದು ಕವನಾ

ನಮ್ಮ ದಂಡಿಗನಹಳ್ಳಿ ಟೀ ಅಂಗಡಿಯಲ್ಲಿ ಈಗ ಒಂದು ಮಾತು ಎದ್ದಿದೆ. “ಅವಳೇನ್ ಕಡಿದು ಕಟ್ಟೆ ಹಾಕಿದ್ದು? ಎಲ್ಲಾ ಆ ಎ.ಐ. ಮಾಡ್ತು. ಅವಳು ಮುಂದೆ ಕೂತಿದ್ಲು ಅಷ್ಟೆಯ.” ಈ ಮಾತಿಗೆ ನಾನು ಎರಡು ಸಲ ಗ್ಲಾಸು ಕುಕ್ಕಿ ಎದ್ದು ಬಂದಿದ್ದೀನಿ. ಮೂರನೇ ಸಲಕ್ಕೆ ಗ್ಲಾಸೂ ಉಳಿಯಲ್ಲ, ಹೇಳಿದವನ ಮರ್ಯಾದೆಯೂ ಉಳಿಯಲ್ಲ. ಅದಕ್ಕೇ ಬರೆದಿಡ್ತಿದ್ದೀನಿ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅಕ್ಷರ ತಪ್ಪಿದ್ರೆ ತಿದ್ದಿಕೊಂಡು ಓದಿ. ನಡೆದದ್ದನ್ನ ಮಾತ್ರ ತಿದ್ದೋಕೆ ಬರಬೇಡಿ.

ನಮ್ಮದು ಸಾವಿರದ ಚಿಲ್ಲರೆ ರೈತರು ಸೇರಿ ಮಾಡಿಕೊಂಡ ಬಾಡಿಗೆ ಯಂತ್ರದ ಕೇಂದ್ರ. ಟ್ರ್ಯಾಕ್ಟರು ಮೂರು, ಟಿಲ್ಲರು ಒಂಬತ್ತು, ರಾಗಿ ಒಕ್ಕೋ ಮೆಷಿನ್ನು ಎರಡು. ನಾನು ಟಿಲ್ಲರ್ ಓಡಿಸ್ತೀನಿ, ಕೆಟ್ಟರೆ ಬಿಚ್ಚಿ ಕೂಡಿಸ್ತೀನಿ. ರೈತ ಫೋನ್ ಮಾಡಿ ಹೆಸರು ಹೇಳಿದ್ರೆ ಸಾಕು, ಇಂಥಾ ದಿನ ನಿನ್ನ ಸರದಿ ಅಂತ ಅವನಿಗೆ ಮೆಸೇಜು ಹೋಗುತ್ತೆ, ಇಂಥಾ ಹೊಲಕ್ಕೆ ಹೋಗು ಅಂತ ನನಗೆ ಬರುತ್ತೆ. ಇದನ್ನೆಲ್ಲ ಮಾಡೋದು ಮುಂಬೈಯಲ್ಲಿ ನಾವು ಬಾಡಿಗೆಗೆ ಹಿಡಿದಿರೋ ಒಂದು ಕಂಪ್ಯೂಟರು. ಅದಕ್ಕೆ ಸರ್ವರ್ ಅಂತಾರೆ. ಅದು ನಮ್ಮಲ್ಲಿ ಯಾರ ಕಣ್ಣಿಗೂ ಬಿದ್ದಿಲ್ಲ. ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳೋ ಕವನಾ ನನಗೆ ಹೇಳಿದ್ದು ಹೀಗೆ: “ಅದೊಂದು ದೊಡ್ಡ ಮನೆ ಅನ್ಕೊಳ್ಳಿ ಶಿವರಾಜಣ್ಣ. ಫೋನ್ ಎತ್ತೋಕೆ ಒಬ್ಬ ಆಳು, ಬುಕ್ ಮಾಡ್ಕೊಳ್ಳೋಕೆ ಒಬ್ಬ, ಡ್ರೈವರ್‌ಗೆ ತಿಳಿಸೋಕೆ ಒಬ್ಬ. ಆ ಒಬ್ಬೊಬ್ಬ ಆಳೂ ಒಂದೊಂದು ಸರ್ವಿಸು.” ನಾನು ಕೇಳಿದೆ, ಸಂಬಳ? “ನಮ್ ಸಂಬಳಕ್ಕಿಂತ ಅಗ್ಗ ಬಿಡಿ” ಅಂದಳು.

ಕವನಾ ದುದ್ದದವಳು. ಅಪ್ಪ ಗುಂಡಯ್ಯ, ಅವ್ವ ಮಲ್ಲಿಗಮ್ಮ. ಗುಂಡಯ್ಯ ಹತ್ತು ವರ್ಷದ ಹುಡುಗನಾಗಿದ್ದಾಗ ದೊಡ್ಡ ಹಿಡುವಳಿದಾರರ ಮನೆಯಲ್ಲಿ ಜೀತಕ್ಕೆ ಬಿದ್ದು, ಜೀತ ಹೋದ ಮೇಲೂ ಕೂಲಿಗೆ ಆರು ಕಟ್ಟಿ, ಕಂಡೋರ ಹೊಲ ಉತ್ತು ಬದುಕಿದೋನು. ಯಾರು ಎದುರಿಗೆ ಬಂದರೂ ಟವೆಲ್ ಕೈಗೆ ತಗೊಂಡು “ಬುದ್ಧೀ” ಅಂತಿದ್ದ. ಎಂಟನೇ ಕ್ಲಾಸಿನಲ್ಲಿದ್ದ ಕವನಾ ಒಂದಿನ ಬಸ್ ಸ್ಟಾಂಡಿನಲ್ಲಿ, ಹತ್ತು ಜನರ ಎದುರಿಗೇ, “ಅಪ್ಪಾ, ಟವೆಲ್ ಹೆಗಲ ಮೇಲೆ ಹಾಕು” ಅಂದಳಂತೆ. ಗುಂಡಯ್ಯ ಗಾಬರಿಬಿದ್ದು ಹಾಕಿಕೊಂಡ. ಆಮೇಲೆ ತೆಗೆಯಲಿಲ್ಲ. ಇದನ್ನ ನನಗೆ ಹೇಳಿದ್ದು ಮಲ್ಲಿಗಮ್ಮ, ಹೇಳುವಾಗ ಗಂಡ ಹೆಂಡತಿ ಇಬ್ಬರೂ ನಗ್ತಿದ್ದರು.

ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಮಾಡಿದಳು. ಹೊಳೆನರಸೀಪುರದಲ್ಲಿ ಒಂದು ಜೆರಾಕ್ಸ್ ಅಂಗಡಿ, ಆಮೇಲೆ ಒಂದು ಅಕ್ಕಿ ಗಿರಣಿಯ ಆಫೀಸು, ಹೀಗೆ ಅಲ್ಲಲ್ಲಿ ಕೆಲಸ ಮಾಡಿ ಆರು ವರ್ಷದ ಹಿಂದೆ ನಮ್ಮ ಕೇಂದ್ರಕ್ಕೆ ಬಂದಳು. ಗಿರಣಿಯಲ್ಲಿ ಅವಳ ನೀರಿನ ಲೋಟ ಬೇರೆ ಇಟ್ಟಿದ್ದರು. ಮೂರನೇ ದಿನ ಅವಳು ಎಲ್ಲಾ ಲೋಟಗಳನ್ನೂ ಒಂದೇ ಬಕೆಟ್ಟಿಗೆ ಹಾಕಿ ತೊಳೆದು, ಒಂದರ ಪಕ್ಕ ಒಂದು ಬೋರಲು ಹಾಕಿ, “ಈಗ ನಂದು ಯಾವುದು ಹೇಳಿ ನೋಡುವಾ” ಅಂದು ಸಂಬಳ ತಗೊಂಡು ಬಂದುಬಿಟ್ಟಳು. ನಮ್ಮ ಕೇಂದ್ರದಲ್ಲಿ ಆ ಕಾಟ ಇರಲಿಲ್ಲ. ಬೇರೆ ಕಾಟ ಇತ್ತು. ಕೆಲಸ ಅವಳದು, ಮಾತು ಮ್ಯಾನೇಜರ್ ದಿಲೀಪನದು.

ಈ ವರ್ಷ ಮುಂಬೈಯವರು ಒಂದು ಕಾಗದ ಕಳಿಸಿದರು. ಹಳೇ ಮೆಷಿನ್ನು ತಿಂಗಳ ಕೊನೆಗೆ ಆಫ್ ಮಾಡ್ತೀವಿ, ಅದರಲ್ಲಿರೋದನ್ನೆಲ್ಲ ಹೊಸದಕ್ಕೆ ಸಾಗಿಸ್ಕೊಳ್ಳಿ, ಬಿಟ್ಟದ್ದು ಹೋಯ್ತು ಅಂತ. ಸಾಗಿಸೋದೇನೋ ಸರಿ. ಅದರಲ್ಲಿ ಏನೇನಿದೆ? ಅದನ್ನೆಲ್ಲ ಮೊದಲು ಕೂಡಿಸಿದೋನು ಗೌರೀಶ ಅಂತ ಒಬ್ಬ. ಅವನು ಕಂಪ್ಯೂಟರ್ ಸಾಕಾಗಿ ಅರಕಲಗೂಡಿನಲ್ಲಿ ಕೋಳಿ ಫಾರಂ ಹಾಕಿದ್ದಾನೆ. ಕವನಾ ಫೋನ್ ಮಾಡಿದ್ರೆ ಹಿಂದೆ ಕೋಳಿ ಸದ್ದು. “ಅಕ್ಕಾ, ನಾಲ್ಕು ವರ್ಷಾಯ್ತು. ಏನೇನ್ ಹಾಕಿದ್ನೋ ನಂಗೇ ಗ್ಯಾಪ್ನ ಇಲ್ಲ ಕಣಕ್ಕಾ. ಒಂದೈದಾರು ಇರ್ಬೇಕು. ಏಳೂ ಇರ್ಬೋದು.”

ದಿಲೀಪ ಹಾಸನದಿಂದ ಸಿದ್ದೇಶ ಅನ್ನೋ ಕಂಪ್ಯೂಟರ್ ಕಂಟ್ರಾಕ್ಟರನ್ನ ಕರೆಸಿದ. ಅವನು ಕಮಿಟಿ ಮುಂದೆ ಕೂತು, ಅದರಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಬೀಗದ ಕೈ ನಮಗೆ ಕೊಡಿ, ಎಲ್ಲಾ ಹೊಸದಾಗಿ ಹಾಕಿಕೊಡ್ತೀವಿ ಅಂದ. ಬೀಗದ ಕೈ ಅಂದರೆ ಆ ಮೆಷಿನ್ನಿನ ಪಾಸ್‌ವರ್ಡು. ಅದು ಕೈಬಿಟ್ಟರೆ ಕವನಾಗೆ ಉಳಿಯೋದು ರಸೀದಿ ಹರಿಯೋ ಕೆಲಸ ಅಷ್ಟೇ. ಅವಳು ಎದ್ದು ನಿಂತಳು.

“ಗೊತ್ತಿಲ್ಲ ಅಂದ್ರೆ ತಿಳ್ಕೊಂಡು ಹೇಳ್ತೀನಿ ಸಾ. ಟೈಮ್ ಕೊಡಿ.”

“ನಿಂಗಾಗುತ್ತೇನಮ್ಮಾ?” ಅಂದರು ಅಧ್ಯಕ್ಷ ರಾಮಣ್ಣನವರು. ತೆಂಗು, ರಾಗಿ, ಕರಾವಿನ ಹಸು ಹತ್ತು, ಎಲ್ಲಾ ಇರೋ ಹಿರೀಕರು. ಕೆಟ್ಟೋರಲ್ಲ. ಆದರೆ ಯಾರು ಬಿಳಿ ಶರ್ಟು ಹಾಕಿ ಬಂದರೂ ನಂಬ್ತಾರೆ.

“ಆಗ್ದಿದ್ರೆ ಬೀಗದ ಕೈ ಅವ್ರಿಗೇ ಕೊಡ್ತೀನಿ.”

“ಸರಿ. ಮಂಗಳವಾರ ಮಧ್ಯಾಹ್ನ ಮೀಟಿಂಗು. ಪಟ್ಟಿ ತಾ. ಪಟ್ಟಿ ದಿಟ ಆದ್ರೆ ಜವಾಬ್ದಾರಿ ನಿಂದು. ಒಂದು ತಪ್ಪಿದ್ರೂ ಅವರದು.”

ಸೋಮವಾರ ನಮ್ಮಲ್ಲಿ ರಜಾ. ಎತ್ತಿಗೆ ಸೋಮವಾರ ನೊಗ ಹಾಕಲ್ಲ, ಅದು ನಮ್ಮ ಕಡೆಯ ಹಿರೀಕರ ಕಟ್ಟಳೆ. ಟಿಲ್ಲರ್‌ಗೆ ನೊಗ ಎಲ್ಲಿದೆ ಅಂತ ಕೇಳಬೇಡಿ. ಟಿಲ್ಲರನ್ನೂ ಹೊಲಕ್ಕೆ ಇಳಿಸಲ್ಲ. ಗಲಾಟೆ ಇರಲ್ಲ ಅಂತ ಕವನಾ ಅವತ್ತೇ ಬಂದು ಕೂತಳು. ನಾನು ಒಂದು ಟಿಲ್ಲರಿನ ಬೇರಿಂಗು ಬಿಚ್ಚುತ್ತಾ ಕಿಟಕಿ ಹೊರಗೇ ಇದ್ದೆ.

ಅವಳು ಹಿಡಿದದ್ದು ಎ.ಐ. ಏಜೆಂಟ್ ಅನ್ನೋದನ್ನ. ನಾವು ಕನ್ನಡದಲ್ಲಿ ಬರೆದು ಹೇಳಿದ ಕೆಲಸವನ್ನ ಅದು ಕಂಪ್ಯೂಟರಿನೊಳಗೆ ಹೊಕ್ಕು ತಾನೇ ಮಾಡಿಕೊಂಡು ಬರುತ್ತೆ. ಅವಳು ಅದಕ್ಕೆ ನೋಡೋಕೆ ಮಾತ್ರ ಬಿಡೋ, ಏನನ್ನೂ ಮುಟ್ಟೋಕೆ ಬಿಡದ ಒಂದು ಬೇರೆ ಪಾಸ್‌ವರ್ಡು ಮಾಡಿಕೊಟ್ಟಿದ್ದಳು. ಬರೆದದ್ದನ್ನ ನನಗೂ ಓದಿ ಹೇಳಿದಳು: “ಈ ಸರ್ವರಿನಲ್ಲಿ ಯಾವ್ಯಾವ ಸರ್ವಿಸ್ ಇದೆ ನೋಡು. ಯಾವುದು ಓಡ್ತಿದೆ, ಯಾವುದು ನಿಂತಿದೆ, ಯಾವಾಗ ಶುರುವಾದದ್ದು, ಪಟ್ಟಿ ಮಾಡು. ಯಾವುದನ್ನೂ ನಿಲ್ಲಿಸಬೇಡ, ಅಳಿಸಬೇಡ.”

ನಾನು ಬೇರಿಂಗಿಗೆ ಗ್ರೀಸು ಹಚ್ಚೋದರೊಳಗೆ ಪಟ್ಟಿ ಬಂತು. ಏಳು ಓಡ್ತಿದ್ದವು. ಫೋನ್ ಎತ್ತೋದು, ಬುಕಿಂಗ್ ಬರ್ಕೊಳ್ಳೋದು, ಡ್ರೈವರ್‌ಗಳಿಗೆ ತಿಳಿಸೋದು, ಡೀಸೆಲ್ ಪುಸ್ತಕ, ಸದಸ್ಯರ ಪುಟ, ದಿನಾ ಎಲ್ಲದರ ನಕಲು ಎತ್ತಿಡೋದು. ಏಳನೆಯದನ್ನ ಓದಿ ಕವನಾ ಬಿದ್ದು ಬಿದ್ದು ನಕ್ಕಳು. ಗೌರೀಶ ನಾಲ್ಕು ವರ್ಷದ ಹಿಂದಿನ ಯಾವುದೋ ಕಬಡ್ಡಿ ಪಂದ್ಯಕ್ಕೆ ಸ್ಕೋರ್ ಬೋರ್ಡು ಹಾಕಿದ್ದ. ಅದು ಇವತ್ತಿಗೂ ನಮ್ಮ ಬಾಡಿಗೆಯಲ್ಲಿ ಓಡ್ತಾ, ಇಪ್ಪತ್ತೊಂದು–ಹತ್ತೊಂಬತ್ತು ಅಂತ ತೋರಿಸ್ಕೊಂಡು ಕೂತಿತ್ತು.

“ಯಾರ್ ಗೆದ್ದಿದ್ದು?” ಅಂದೆ.

“ಅದನ್ನ ಬರ್ದಿಲ್ಲ ಶಿವರಾಜಣ್ಣ.”

ಎಂಟನೆಯದೊಂದು ಇತ್ತು. ಹೆಸರು ಜಿಕೆ ಎರಡು. ಅದೇನು ಹೆಸರೋ ಇಟ್ಟೋನಿಗೇ ಗೊತ್ತು. ಏಜೆಂಟ್ ಬರೆದಿತ್ತು: ಇದು ಓಡುತ್ತಿಲ್ಲ, ಬಳಕೆಯಲ್ಲಿ ಇಲ್ಲದ್ದು ಅನಿಸುತ್ತದೆ, ಹೊಸದಕ್ಕೆ ಸಾಗಿಸುವ ಅಗತ್ಯ ಇಲ್ಲದಿರಬಹುದು. ಕವನಾ ಅದನ್ನ ‘ಸತ್ತದ್ದು’ ಅಂತ ಬರ್ಕೊಂಡು, ಪ್ರಿಂಟ್ ತೆಗೆದು ಬ್ಯಾಗಿಗೆ ಹಾಕಿದಳು.

ಅವತ್ತು ಅವಳ ಸ್ಕೂಟಿ ಪಂಕ್ಚರ್ರು. ನಾನು ಹಾಸನಕ್ಕೆ ಸಾಮಾನು ತರೋಕೆ ಹೊರಟಿದ್ದೆ, ಅವಳನ್ನೂ ಗಾಡಿಯಲ್ಲಿ ಕೂರಿಸ್ಕೊಂಡು ದುದ್ದಕ್ಕೆ ಬಿಟ್ಟೆ. ಇನ್ನೂ ಬಿಸಿಲಿತ್ತು. ಮಲ್ಲಿಗಮ್ಮ ಟೀ ಕುಡಿದೇ ಹೋಗ್ಬೇಕು ಅಂದಳು. ಗುಂಡಯ್ಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ.

“ರಜಾದಲ್ಲಿ ಏನ್ಮಗಾ ಕ್ಯಾಮೆ?” ಅಂದ ಮಗಳಿಗೆ.

“ಎಣಿಸ್ತಿದ್ದೆ ಕಣಪ್ಪಾ. ಮುಂಬೈ ಮೆಷಿನ್ನಲ್ಲಿ ಏನೇನ್ ನಡೀತೈತೆ, ಏನೇನ್ ಸತ್ತೈತೆ ಅಂತ.”

“ಸ್ವಾಮಾರ ಎಣಿಸ್ದಾ?”

“ಊಂ, ಸೋಮವಾರಾನೇ.”

ಗುಂಡಯ್ಯ ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದ. “ಅಲ್ಲ ಮಗಾ, ಸ್ವಾಮಾರ ಕೊಟ್ಗೆಗೋದ್ರೆ ಎಲ್ಲಾ ಎತ್ತೂ ಮನಗಿರ್ತವೆ. ಸತ್ತೋದೊ ಅಂತ ಬರ್ಕಂಡ್ಬತ್ತೀಯಾ?”

ನಾನು ನಕ್ಕೆ. ಕವನಾ ನಗಲಿಲ್ಲ. ಗುಂಡಯ್ಯ ತನ್ನ ಪಾಡಿಗೆ ಮುಂದುವರಿಸಿದ. “ಸ್ವಾಮಾರ ಎತ್ಗೆ ರಜಾ ಕಣಪ್ಪಾ ಶಿವರಾಜು, ಜೀತದೋನ್ಗೆ ಇರ್ಲಿಲ್ಲ. ಅವತ್ತು ಗೊಬ್ರ ಹೊರೋದು. ಎತ್ತು ಮನೀಕಂಡು ಮೆಲುಕಾಕ್ತಾ ನನ್ನೇ ನೋಡೋವು. ಲೇ, ಏನ್ಲಾ ನೋಡೀರಿ, ನೀವಾರಾ ಮನೀಕಳಿ ಅಂತಿದ್ದೆ.”

ಅಷ್ಟರಲ್ಲಿ ಕವನಾ ಟೀ ಲೋಟ ಕೆಳಗಿಟ್ಟು ಮೊಬೈಲು ತೆಗೆದಿದ್ದಳು. ಏಜೆಂಟಿಗೆ ಬರೆದಳು: ಜಿಕೆ ಎರಡು ಹಿಂದಿನ ವಾರಗಳಲ್ಲಿ ಯಾವ್ಯಾವ ದಿನ ಓಡಿದೆ, ದಿನ ದಿನಾ ತೆಗೆದು ತೋರಿಸು. ಉತ್ತರ ಬಂತು. ಭಾನುವಾರ ಓಡಿದೆ, ಶನಿವಾರ ಓಡಿದೆ, ಅದರ ಹಿಂದಿನ ಎಲ್ಲಾ ದಿನ ಓಡಿದೆ. ದಾಖಲೆ ಇರೋವರೆಗೂ ಹಿಂದಕ್ಕೆ ಹೋದರೆ ಒಂದು ಸೋಮವಾರವೂ ಓಡಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ರೈತರಿಗೆ ಸರದಿ ಮೆಸೇಜು ಕಳಿಸೋದು ಅದರ ಕೆಲಸ. ಕೆಳಗೆ ಏಜೆಂಟೇ ಬರೆದಿತ್ತು: ನಾನು ಈ ಹೊತ್ತಿನದನ್ನು ಮಾತ್ರ ನೋಡಿ ಬಳಕೆಯಲ್ಲಿಲ್ಲ ಎಂದೆ, ಅದು ತಪ್ಪು.

ಕವನಾ ಮುಖ ಕೆಂಪಗಾಯ್ತು. ಏಜೆಂಟಿನ ಮೇಲಲ್ಲ, ತನ್ನ ಮೇಲೇ. “ಅದು ಅನಿಸುತ್ತೆ ಅಂತಿತ್ತು. ಸತ್ತದ್ದು ಅಂತ ಬರ್ದೋಳು ನಾನು” ಅಂದಳು. ಆ ಪಟ್ಟಿ ಹಾಗೇ ಹೋಗಿದ್ರೆ ಏನಾಗ್ತಿತ್ತು ಹೇಳಿ? ಸಾವಿರ ಮನೆಗೆ ಸರದಿ ಬರ್ತಿರಲಿಲ್ಲ. ಮಳೆ ಬಿದ್ದ ಮಾರನೇ ದಿನ ನನ್ನ ಟಿಲ್ಲರ್ ಸುತ್ತ ಹೊಡೆದಾಟ ಆಗ್ತಿತ್ತು. ಸಿದ್ದೇಶ ಮೀಸೆ ತಿರುವುತ್ತಿದ್ದ.

ಆಮೇಲೆ ಅವಳು ಮಾಡಿದ ಕೆಲಸ ಇದೆಯಲ್ಲ, ಅದು ಟೀ ಅಂಗಡಿಯವರಿಗೆ ಗೊತ್ತಿಲ್ಲ. ಮಂಗಳವಾರ ಬೆಳಿಗ್ಗೆ ಬಂದವಳೇ ಏಜೆಂಟಿನಿಂದ ಎಲ್ಲವನ್ನೂ ಮತ್ತೆ ನೋಡಿಸಿದಳು. ಜಿಕೆ ಎರಡು ಎದ್ದು ಓಡ್ತಿತ್ತು. ಅಷ್ಟಕ್ಕೆ ಬಿಡಲಿಲ್ಲ. ಪಟ್ಟಿಗೆ ಸ್ಕೇಲ್ ಇಟ್ಟು ಒಂದು ಕಾಲಂ ಎಳೆದು, ಮೇಲೆ ‘ಇದು ನಿಂತರೆ ಯಾರ ಕೆಲಸ ನಿಲ್ಲುತ್ತೆ’ ಅಂತ ಬರೆದಳು. ಒಬ್ಬೊಬ್ಬರಿಗೂ ಫೋನು. ಡೀಸೆಲ್ ನೋಡಿಕೊಳ್ಳೋ ಆಶಾರಾಣಿಗೆ, ಸದಸ್ಯರ ಪುಟ ನೋಡೋ ಜಯಲಕ್ಷ್ಮಮ್ಮನಿಗೆ, ಅರಕಲಗೂಡಿನ ಗೌರೀಶನಿಗೆ ಮತ್ತೆ.

“ಓ ಅದಾ!” ಅಂದ ಗೌರೀಶ. “ಸೋಮವಾರ ಸರದಿ ಕಳಿಸ್ಬೇಡ, ಯಾವೋನಾದ್ರೂ ಟಿಲ್ಲರ್ ಇಳಿಸಿಬಿಡ್ತಾನೆ ಅಂತ ರಾಮಣ್ಣೋರೇ ಪಟ್ಟು ಹಿಡಿದಿದ್ರು ಕಣಕ್ಕಾ. ಅದಕ್ಕೇ ಅವತ್ತು ಮಲಗಿಸಿಬಿಟ್ಟಿದ್ದೆ. ಈಗ್ ನೆಪ್ಪಾಯ್ತು ನೋಡಿ.”

ಏಳು ಸಾಲಿನ ಎದುರಿಗೆ ಮನುಷ್ಯರ ಹೆಸರು ಬಂತು. ಕಬಡ್ಡಿ ಎದುರಿಗೆ ‘ಯಾರದೂ ಇಲ್ಲ’. ಅದನ್ನ ಯಾವ ಎ.ಐ. ಬರೀತು ಸ್ವಾಮಿ? ಏಜೆಂಟಿಗೆ ಆಶಾರಾಣಿ ಗೊತ್ತಾ? ಜಯಲಕ್ಷ್ಮಮ್ಮ ಗೊತ್ತಾ?

ಮಧ್ಯಾಹ್ನ ಮೀಟಿಂಗು. ಡ್ರೈವರ್‌ಗಳ ಕಡೆಯಿಂದ ನಾನು ಕೂತಿದ್ದೆ. ಕವನಾ ಎರಡು ಹಾಳೆ ಇಟ್ಟಳು, ಸೋಮವಾರದ್ದು, ಮಂಗಳವಾರದ್ದು. “ಮೊದಲನೇದರಲ್ಲಿ ತಪ್ಪಿದೆ. ನೋಡಿದ್ದು ಏಜೆಂಟು, ಒಪ್ಪಿಕೊಂಡೋಳು ನಾನು. ಎರಡನೇದರಲ್ಲಿ ಸರಿ ಮಾಡಿದ್ದೀನಿ. ಎರಡೂ ನೋಡಿ” ಅಂದಳು. ಆ ಮೊದಲನೇ ಹಾಳೆ ಯಾಕೆ ತೋರಿಸ್ಬೇಕಿತ್ತು? ಹರಿದು ಬಿಸಾಕಿದ್ರೆ ಯಾರಿಗೆ ಗೊತ್ತಾಗ್ತಿತ್ತು?

ಸಿದ್ದೇಶ ಅದನ್ನೇ ಹಿಡಿದ. “ನೋಡಿದ್ರಾ ಸಾರ್, ಒಂದೇ ದಿನಕ್ಕೆ ಪಟ್ಟಿ ಬದಲಾಯ್ತು. ಅದೂ ಅಲ್ಲದೆ ಸೋಮವಾರ ರಜಾ ಹಾಕೋ ಸಾಫ್ಟ್‌ವೇರ್ ಅಂತೆ! ಯಾವ ದಡ್ಡ ಬರೆಸಿದ್ನೋ ಇದನ್ನ. ಹೊರಗೆ ಹೇಳಿದ್ರೆ ನಗ್ತಾರೆ.”

ಯಾರೂ ನಗಲಿಲ್ಲ. ದಿಲೀಪ ಮೇಜಿನ ಕೆಳಗಿಂದ ಅವನ ಕಾಲು ತುಳಿದದ್ದು ನನಗೆ ಕಾಣಿಸ್ತು.

“ನಾನೇ ಬರೆಸಿದ್ದು” ಅಂದರು ರಾಮಣ್ಣನವರು. “ನಗಪ್ಪಾ, ನಗು.”

ರಾಮಣ್ಣ ಮೀಟಿಂಗ್ ಪುಸ್ತಕ ಮುಚ್ಚೋ ಹಾಗೆ ಕೈ ಇಟ್ಟು, “ಆಯ್ತು ಕವನಾ. ಇವ್ರಿಗೆ ನಮ್ಮೂರ ರೀತಿ ಗೊತ್ತಿಲ್ಲ. ನೀನೇ ಮಾಡು ಹೋಗು” ಅಂದರು.

ಬೇರೆ ಯಾರಾದ್ರೂ ಕೈ ಮುಗಿದು ಎದ್ದು ಬರ್ತಿದ್ದರು. ಇವಳು ಕೂತೇ ಇದ್ದಳು.

“ಬೇಡ ಸಾ. ಹಂಗೆ ಬೇಡ.”

“ಏನ್ ಬೇಡ?”

“ಅವ್ರು ನಗಾಡಿದ್ರು ಅಂತ ನಂಗೆ ಕೊಡ್ಬೇಡಿ. ನಾಳೆ ಇನ್ನೊಬ್ರು ನಗಾಡ್ದೆ ಬತ್ತಾರೆ, ಆಗ ಕಿತ್ಕೊಂಡು ಅವ್ರಿಗೆ ಕೊಡ್ತೀರಿ. ಪಟ್ಟಿ ದಿಟವಾದ್ರೆ ಕೊಡ್ತೀನಿ ಅಂದಿದ್ರಿ. ದಿಟಾನಾ ಸುಳ್ಳಾ ನೋಡಿ. ದಿಲೀಪ್ ಸಾ, ಯಾವ್ದಾದ್ರೂ ಒಂದು ನಂಬರ್ ಹೇಳಿ. ನಿಲ್ಲಿಸ್ತೀನಿ. ಬರೆದಿರೋರ ಕೆಲಸ ನಿಲ್ಲದೆ ಬೇರೆಯೋರದು ನಿಂತ್ರೆ ಬೀಗದ ಕೈ ಈಗ್ಲೇ ಸಿದ್ದೇಶೋರಿಗೆ.”

“ಮೂರು” ಅಂದ ದಿಲೀಪ. ಮೂರರ ಎದುರಿಗೆ ನನ್ನ ಹೆಸರಿತ್ತು, ಶಿವರಾಜು ಮತ್ತು ಉಳಿದ ಡ್ರೈವರ್‌ಗಳು ಅಂತ. ಕವನಾ ಲ್ಯಾಪ್‌ಟಾಪಿನಲ್ಲಿ ತನ್ನ ಕೈಯಾರೆ ಅದನ್ನ ನಿಲ್ಲಿಸಿದಳು, ಏಜೆಂಟಿಗೆ ಮುಟ್ಟೋಕೆ ಬಿಡಲಿಲ್ಲ. ರಾಮಣ್ಣನವರ ಫೋನಿನಿಂದಲೇ ಅವರ ಹೊಲಕ್ಕೆ ಒಂದು ಟಿಲ್ಲರ್ ಬುಕ್ ಮಾಡಿಸಿದಳು. ಬುಕ್ ಆಯ್ತು ಅಂತ ಅವರಿಗೆ ಬಂತು. ನನ್ನ ಮೊಬೈಲು ಮೇಜಿನ ನಡುವೆ ಇಟ್ಟಿದ್ವಿ. ಎಲ್ಲರೂ ಅದನ್ನೇ ನೋಡ್ತಾ ಕೂತರು, ಹಾಲು ಉಕ್ಕೋದನ್ನ ಕಾಯೋ ಹಾಗೆ. ಒಂದು ನಿಮಿಷ, ಎರಡು ನಿಮಿಷ. ಸದ್ದಿಲ್ಲ. ಕವನಾ ಮತ್ತೆ ಶುರು ಮಾಡಿದಳು. ಮೊಬೈಲು ಟಣ್ ಅಂತು: ರಾಮಣ್ಣ, ಬುಧವಾರ, ಟಿಲ್ಲರ್ ಐದು.

“ಇನ್ನೊಂದು ಹೇಳಿ” ಅಂದಳು.

ನಾಲ್ಕು ಅಂದರು ರಾಮಣ್ಣನವರು. ಪಕ್ಕದ ರೂಮಿನಿಂದ ಆಶಾರಾಣಿ, “ಯಾರ್ರೀ ಅದು, ಡೀಸೆಲ್ ಪುಸ್ತಕ ಹೋಯ್ತಲ್ರೀ!” ಅಂತ ಕೂಗಿದಳು. ಏಳು ಅಂದ ಸಿದ್ದೇಶ, ಏನಾದ್ರೂ ಸಿಕ್ಕೀತು ಅಂತ. ನಿಲ್ಲಿಸಿದಳು. ಯಾರೂ ಕೂಗಲಿಲ್ಲ. ಕಾದರು, ಕಾದರು. ಏನೂ ಆಗಲಿಲ್ಲ. ರಾಮಣ್ಣನವರು ಕನ್ನಡಕ ಹಾಕಿ ಪಟ್ಟಿ ನೋಡಿ, “ಯಾರದೂ ಇಲ್ಲ ಅಂತಾನೇ ಬರ್ದವ್ಳಲ್ಲಾ” ಅಂದರು.

“ನಿಮ್ಮ ಪಟ್ಟಿ ಎಲ್ಲಿ ಸಾ?” ಅಂತ ಕವನಾ ಸಿದ್ದೇಶನನ್ನ ಕೇಳಿದಳು. ದನಿ ಏರಿಸಲಿಲ್ಲ. ಏರಿಸಿದ್ರೆ ಅವನಿಗೆ ಜಗಳ ಆಡೋಕೆ ಒಂದು ದಾರಿ ಸಿಗ್ತಿತ್ತು. ಅವನ ಹತ್ತಿರ ಇದ್ದದ್ದು ಬಣ್ಣದ ರಟ್ಟಿನ ಒಂದು ಫೈಲು. ತೆರೀಲಿಲ್ಲ.

ದಿಲೀಪ ಮೀಟಿಂಗ್ ಪುಸ್ತಕ ಎಳೆದುಕೊಂಡು ಬರೆಯೋಕೆ ಶುರು ಮಾಡಿದ. ಬರೆದು ಓದಿದ: “ಸರ್ವರ್ ಸ್ಥಳಾಂತರದ ಕೆಲಸವನ್ನು ಸಿದ್ದೇಶ ಅವರ ಮೇಲುಸ್ತುವಾರಿಯಲ್ಲಿ ನಮ್ಮ ಕೇಂದ್ರದ ಕಂಪ್ಯೂಟರ್ ಹುಡುಗಿಗೆ ವಹಿಸಲು ತೀರ್ಮಾನಿಸಲಾಯಿತು.”

ಕವನಾ ಕೈ ಚಾಚಿ ಪುಸ್ತಕ ತನ್ನ ಕಡೆ ತಿರುಗಿಸಿಕೊಂಡಳು. “ಹುಡುಗಿಗೆ ಮೂವತ್ತೆರಡು ವರ್ಷ. ಮೇಲುಸ್ತುವಾರಿ ಯಾಕೆ?”

“ಜೊತೆಗೆ ಒಬ್ರು ಇರ್ಲಿ ಅಂತ. ಒಂದ್ ಧೈರ್ಯ.”

“ಯಾರ್ಗೆ ಸಾ ಧೈರ್ಯ? ನಂಗಿದೆ.”

ದಿಲೀಪ ರಾಮಣ್ಣನವರ ಮುಖ ನೋಡಿದ. ಅವರಿಗೆ ಕಷ್ಟ ಆಯ್ತು, ಸುಳ್ಳು ಯಾಕೆ ಹೇಳಲಿ. ಕೊನೆಗೆ, “ಹೊಡೆದಾಕ್ಲಾ ಆ ಸಾಲ್ನ” ಅಂದರು. ದಿಲೀಪ ಹೊಡೆದುಹಾಕಿದ. “ಈಗ್ ಏನಂತ ಬರೀಲಿ?” ಅಂದ.

“ಕವನಾ ಅಂತ ಬರೀರಿ. ತಂದೆ ಗುಂಡಯ್ಯ, ದುದ್ದ.”

ಅವನು ಬರೆದ. ಅವಳು ಪ್ರತಿ ಅಕ್ಷರಾನೂ ನೋಡ್ತಾ ನಿಂತಿದ್ದು, ಆಮೇಲೆ ಸಹಿ ಹಾಕಿದಳು. ಬೀಗದ ಕೈ ಅವಳ ಹತ್ತಿರಾನೇ ಉಳೀತು. ಶುಕ್ರವಾರ ಕಬಡ್ಡಿ ಬಿಟ್ಟು ಉಳಿದ ಏಳನ್ನೂ ಹೊಸ ಮೆಷಿನ್ನಿಗೆ ಸಾಗಿಸಿದಳು. ಒಂದೊಂದು ದಾಟಿದಾಗಲೂ ಪಟ್ಟಿಯಲ್ಲಿರೋರಿಗೆ ಫೋನ್ ಮಾಡಿ, “ಬತ್ತಾ ಇದೆಯಾ?” ಅಂತ ಕೇಳಿ, ಅವರು ಹೂಂ ಅಂದ ಮೇಲೇ ಟಿಕ್ ಹಾಕಿದಳು. ಆ ಪಟ್ಟಿ ಆಫೀಸಿನ ಗೋಡೆಗೆ ಅಂಟಿಸಿದೆ. ಎ.ಐ. ಮಾಡ್ತು ಅನ್ನೋರು ಬಂದು ಓದಿಕೊಳ್ಳಿ. ಬಾಗಿಲು ತೆಗೆದೇ ಇರುತ್ತೆ, ನಾನೂ ಅಲ್ಲೇ ಇರ್ತೀನಿ.